ಕೂಲೆಂಟ್ ಆರಿಸುವ ಮೊದಲು ಬೋರ್ ನೀರು ನೋಡಿ

ಪ್ರಶ್ನೆ: ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್. ಕಂಪ್ಯೂಟರ್ ಹೇಳಿದಂತೆ ಓಡುವ ಒಂದು ಸಿಎನ್‌ಸಿ ಲೇತ್, ಒಂದು ವಿಎಂಸಿ (ಸಿಎನ್‌ಸಿ ಮಿಲ್ಲಿಂಗ್ ಮೆಷಿನ್), ಹರಿಹರದ ಮೈಸೂರು ಕಿರ್ಲೋಸ್ಕರ್‌ನ ಎರಡು ಹಳೇ ಲೇತ್ ಇವೆ. ರೈಸ್ ಮಿಲ್‌ಗಳಿಗೆ ಇಎನ್ 8 ಸ್ಟೀಲಿನ ಶಾಫ್ಟ್, ಬೀಡಿನ (ಎರಕದ ಕಬ್ಬಿಣದ) ಪುಲ್ಲಿ, ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬುಷ್ ಮಾಡುತ್ತೇವೆ. ಈಚೆಗೆ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಮತ್ತು ಅಲ್ಯೂಮಿನಿಯಂ ಜಾಬ್‌ಗಳೂ ಬರುತ್ತಿವೆ. ಕಡಿಯುವಾಗ ಟೂಲು, ಜಾಬು ತಂಪಾಗಿರಲೆಂದು ಬಿಡುವ ಕೂಲೆಂಟ್ ಆಗಿ ಎಲ್ಲದಕ್ಕೂ ಹಾಲಿನಂಥ ಸೊಲ್ಯೂಬಲ್ ಆಯಿಲನ್ನೇ ಬೋರ್ ನೀರಿಗೆ ಬೆರೆಸಿ ಹಾಕುತ್ತೇವೆ. ಸೋಮವಾರ ಬಾಗಿಲು ತೆಗೆದರೆ ಗಬ್ಬು ವಾಸನೆ, ಶಾಫ್ಟ್ ಮೇಲೆ ರಾತ್ರಿ ಕಳೆಯುವುದರೊಳಗೆ ತುಕ್ಕು, ಹುಡುಗರ ಕೈಗೆ ತುರಿಕೆ. ಆಯಿಲ್ ಮಾರುವವರು ದುಪ್ಪಟ್ಟು ರೇಟಿನ ಫುಲ್ ಸಿಂಥೆಟಿಕ್ ಹಾಕಿ ಎನ್ನುತ್ತಿದ್ದಾರೆ. ಯಾವುದನ್ನು ಕೊಳ್ಳಬೇಕು? ಎಲ್ಲಕ್ಕೂ ಒಂದೇ ಸಾಕೇ?

ಉತ್ತರ: ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದೂ ಆಯಿಲ್ ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಈಗಿರುವ ನೀರು, ಈಗಿರುವ ಟ್ಯಾಂಕ್ ಹಾಗೇ ಇಟ್ಟುಕೊಂಡು ದುಬಾರಿ ಡ್ರಮ್ ತಂದರೆ ಕೆಲವು ವಾರ ಚೆನ್ನಾಗಿರುತ್ತದೆ, ಆಮೇಲೆ ಅದೇ ವಾಸನೆ, ಅದೇ ತುಕ್ಕು. ನಿಮ್ಮ ಟ್ಯಾಂಕಿನಲ್ಲಿರುವುದು ನೂರಕ್ಕೆ 94 ಪಾಲು ನೀರು. ಮೊದಲು ಅದರ ವಿಚಾರ.

ನಮ್ಮ ಬಯಲುಸೀಮೆಯ ಬೋರ್ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪೊರೆ ಕಟ್ಟುವುದು, ಸೋಪು ನೊರೆ ಬಾರದಿರುವುದು ಮನೆಯಲ್ಲಿ ಎಲ್ಲರೂ ಕಂಡದ್ದೇ. ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಲೆಂಟ್ ಟ್ಯಾಂಕಿನಲ್ಲೂ ಅದೇ ಕೆಲಸ ಮಾಡುತ್ತವೆ. ಸೊಲ್ಯೂಬಲ್ ಆಯಿಲಿನಲ್ಲಿ ಎಣ್ಣೆಯನ್ನು ನೀರಿನೊಳಗೆ ಹಿಡಿದಿಡುವುದು ಒಂದು ಬಗೆಯ ಸೋಪು. ಗಡಸು ನೀರು ಆ ಸೋಪನ್ನು ತಿಂದು ಜಿಗುಟು ಕೆನೆ ಮಾಡುತ್ತದೆ. ಎಣ್ಣೆ ಬೇರೆಯಾಗಿ ಮೇಲೆ ತೇಲುತ್ತದೆ, ಕೆಳಗೆ ಉಳಿದ ನೀರಿನಲ್ಲಿ ತುಕ್ಕು ತಡೆಯುವ ಅಂಶವೂ ಇರುವುದಿಲ್ಲ. ಗಡಸುತನ 80ರಿಂದ 200 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇದ್ದರೆ ಒಳ್ಳೆಯದು. 300 ದಾಟಿದರೆ ಸಾಮಾನ್ಯ ಸೊಲ್ಯೂಬಲ್ ಆಯಿಲ್ ಬಾಳಿಕೆ ಬರುವುದಿಲ್ಲ. ತೀರಾ ಮೆದು, ಅಂದರೆ 50ಕ್ಕಿಂತ ಕಡಿಮೆಯಾದರೆ ಟ್ಯಾಂಕ್ ತುಂಬ ನೊರೆ. ಇದರ ಜೊತೆಗೆ ಕ್ಲೋರೈಡ್ ನೋಡಬೇಕು: 100 ಪಿಪಿಎಂ ಮೀರಿದರೆ ಎಂಥ ಕೂಲೆಂಟ್ ಹಾಕಿದರೂ ತುಕ್ಕಿನ ಕಾಟ ತಪ್ಪುವುದು ಕಷ್ಟ. ಸಲ್ಫೇಟ್ ಜಾಸ್ತಿ ಇದ್ದರೆ ಕೊಳೆತ ಮೊಟ್ಟೆ ವಾಸನೆ ಬಿಡುವ ಬ್ಯಾಕ್ಟೀರಿಯಾಕ್ಕೆ ಅದೇ ಆಹಾರ. ನೀರಿನ ಮಾದರಿಯನ್ನು ಲ್ಯಾಬಿಗೆ ಕೊಟ್ಟು ಗಡಸುತನ, ಕ್ಲೋರೈಡ್, ಸಲ್ಫೇಟ್, ಟಿಡಿಎಸ್ (ಕರಗಿರುವ ಒಟ್ಟು ಲವಣ), ಪಿಎಚ್ (ಆಮ್ಲ-ಕ್ಷಾರದ ಅಳತೆ) ಈ ಐದನ್ನೂ ಬರೆಸಿಕೊಳ್ಳಿ. ಬೇಸಿಗೆಯ ಕೊನೆಯಲ್ಲಿ ಮಾಡಿಸಿ. ಮಳೆಗಾಲದ ರಿಪೋರ್ಟ್ ನೋಡಿ ಸಮಾಧಾನ ಪಟ್ಟುಕೊಂಡರೆ ಏಪ್ರಿಲ್‌ನಲ್ಲಿ ಲೆಕ್ಕ ತಪ್ಪುತ್ತದೆ.

ಮನೆಗೆ ಹಾಕಿಸುವ ಸಾಫ್ಟನರ್ ಇದಕ್ಕೆ ಮದ್ದಲ್ಲ. ಅದು ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಕೊಡುತ್ತದೆ, ಕ್ಲೋರೈಡ್ ಇದ್ದಲ್ಲೇ ಇರುತ್ತದೆ. ಕೆನೆ ನಿಲ್ಲುತ್ತದೆ, ತುಕ್ಕು ನಿಲ್ಲುವುದಿಲ್ಲ. ಆರ್‌ಒ ನೀರೇ ಸರಿ, ಆದರೆ ಪೂರ್ತಿ ಆರ್‌ಒ ಬೇಡ. ನಿಮ್ಮ ಬೋರ್ ನೀರಿನ ಗಡಸುತನ 600 ಪಿಪಿಎಂ, ಆರ್‌ಒ ನೀರಿನದು 20 ಪಿಪಿಎಂ ಎಂದಿಟ್ಟುಕೊಳ್ಳಿ. ಒಂದು ಪಾಲು ಬೋರ್, ಮೂರು ಪಾಲು ಆರ್‌ಒ ಸೇರಿಸಿದರೆ 165ಕ್ಕೆ ಬರುತ್ತದೆ. 200 ಲೀಟರ್ ಟ್ಯಾಂಕಿಗೆ 20 ಲೀಟರಿನ ಏಳೆಂಟು ಕ್ಯಾನ್ ಸಾಕು. ಶೆಡ್ಡಿನ ಶೀಟ್ ಮೇಲೆ ಬಿದ್ದ ಮಳೆ ನೀರನ್ನು ಮೊದಲ ಮಳೆ ಬಿಟ್ಟು ಸಿಂಟೆಕ್ಸ್‌ನಲ್ಲಿ ಹಿಡಿದಿಟ್ಟರೆ ಅದೂ ಆರ್‌ಒ ನೀರಿನಷ್ಟೇ ಕೆಲಸಕ್ಕೆ ಬರುತ್ತದೆ. ಯಾಕೋ ನಮ್ಮ ಶಾಪ್‌ಗಳಲ್ಲಿ ಇದನ್ನು ಮಾಡುವವರು ಕಡಿಮೆ.

ಮೊದಲ ಸಲ ತುಂಬುವ ನೀರಿಗಿಂತ ದಿನಾ ಹಾಕುವ ನೀರು ಹೆಚ್ಚು ಕೆಡುಕು. ಟ್ಯಾಂಕಿನಿಂದ ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ದಿನಕ್ಕೆ 10 ಲೀಟರ್ ಟಾಪ್ ಅಪ್, ಆ ನೀರಿನಲ್ಲಿ 500 ಪಿಪಿಎಂ ಉಪ್ಪಿದ್ದರೆ ದಿನಕ್ಕೆ 5 ಗ್ರಾಂ, 26 ಕೆಲಸದ ದಿನಕ್ಕೆ 130 ಗ್ರಾಂ. 200 ಲೀಟರ್ ಟ್ಯಾಂಕಿನಲ್ಲಿ ಅದು ತಿಂಗಳಿಗೆ 650 ಪಿಪಿಎಂ ಏರಿಕೆ. ಬರ್ರಿಗೆ (ಕಡಿದು ಬಿದ್ದ ಲೋಹದ ಚೂರಿಗೆ), ಜಾಬಿಗೆ ಅಂಟಿಕೊಂಡು ಹೋಗುವುದನ್ನು ಕಳೆದರೂ ಮೂರನೇ ತಿಂಗಳಿಗೆ ಟ್ಯಾಂಕಿನಲ್ಲಿರುವುದು ಉಪ್ಪುನೀರು. ಆದ್ದರಿಂದ ಆರ್‌ಒ ಕೊಳ್ಳಲು ಹಣ ಕಡಿಮೆ ಇದ್ದರೆ, ಮೊದಲ ತುಂಬುವಿಕೆಗೆ ಬೋರ್ ನೀರು ಹಾಕಿಯಾದರೂ ಸರಿ, ಟಾಪ್ ಅಪ್‌ಗೆ ಮಾತ್ರ ಆರ್‌ಒ ಇಟ್ಟುಕೊಳ್ಳಿ.

ಈಗ ಆಯಿಲ್‌ಗೆ ಬರೋಣ. ನೀರಿಗೆ ಬೆರೆಯುವ ಕೂಲೆಂಟ್‌ಗಳಲ್ಲಿ ಮೂರು ಜಾತಿ. ಸೊಲ್ಯೂಬಲ್ ಆಯಿಲಿನ ಡ್ರಮ್ಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಿನರಲ್ ಆಯಿಲ್ ಇರುತ್ತದೆ. ಜಾರುವಿಕೆ ಚೆನ್ನಾಗಿರುತ್ತದೆ, ಹಳೇ ಲೇತಿನ ಬೆಡ್ಡಿಗೆ ಹಿತ, ಬೆಲೆ ಕಡಿಮೆ. ಆದರೆ ಗಡಸು ನೀರಿಗೆ ಒಡೆಯುವುದು, ಬ್ಯಾಕ್ಟೀರಿಯಾ ಬೆಳೆಯುವುದು ಇದರಲ್ಲೇ ಜಾಸ್ತಿ. ಫುಲ್ ಸಿಂಥೆಟಿಕ್‌ನಲ್ಲಿ ಮಿನರಲ್ ಆಯಿಲ್ ಇಲ್ಲವೇ ಇಲ್ಲ. ನೀರಿನಂತೆ ತಿಳಿಯಾಗಿ ಜಾಬ್ ಕಾಣಿಸುತ್ತದೆ, ತಂಪು ಮಾಡುವುದರಲ್ಲಿ ಮುಂದು, ಗ್ರೈಂಡಿಂಗ್‌ಗೆ ಹೇಳಿಮಾಡಿಸಿದ್ದು. ಆದರೆ ಟ್ಯಾಪಿಂಗ್, ಎಸ್‌ಎಸ್ ಡ್ರಿಲ್ಲಿಂಗ್‌ನಂಥ ಉಜ್ಜುವ ಕೆಲಸಕ್ಕೆ ಅನೇಕ ಸಿಂಥೆಟಿಕ್‌ಗಳಲ್ಲಿ ಜಾರುವಿಕೆ ಸಾಲದು. ಸ್ಲೈಡ್‌ವೇ (ಮೆಷಿನ್ನಿನ ಜಾರುವ ಹಳಿ) ಮೇಲಿನ ಎಣ್ಣೆಯನ್ನು ತೊಳೆದುಬಿಡುತ್ತದೆ, ಟೂಲ್ ಹಿಡಿಯುವ ಟರೆಟ್ ಸಂದಿಯಲ್ಲಿ ಒಣಗಿ ಅಂಟಾಗುತ್ತದೆ, ಹಳೇ ಮೆಷಿನ್ನಿನ ಪೇಂಟ್ ಎಬ್ಬಿಸುತ್ತದೆ, ಬ್ಯಾಕ್ಟೀರಿಯಾ ಕಡಿಮೆಯಾದರೂ ಬೂಷ್ಟು ಬೆಳೆದು ಫಿಲ್ಟರ್ ಕಟ್ಟುವುದುಂಟು. ಇವೆರಡರ ನಡುವಿನದು ಸೆಮಿ ಸಿಂಥೆಟಿಕ್: 5ರಿಂದ 30 ಪಾಲು ಎಣ್ಣೆ, ಕಣಗಳು ಬಹಳ ಸಣ್ಣ, ಹಾಗಾಗಿ ಅರೆ ತಿಳಿ ಬಣ್ಣ.

ನಿಮ್ಮ ಸಿಎನ್‌ಸಿ ಮತ್ತು ವಿಎಂಸಿಗೆ ಸೆಮಿ ಸಿಂಥೆಟಿಕ್ ಹಾಕಿ. ಗಡಸು ನೀರಿಗೆ ತಾಳುವಂಥದ್ದು, ತಾಮ್ರದ ಮಿಶ್ರಲೋಹಕ್ಕೂ ಅಲ್ಯೂಮಿನಿಯಂಗೂ ಕಲೆ ಮಾಡದಂಥದ್ದು ಎಂದು ಡೇಟಾ ಶೀಟಿನಲ್ಲೇ ಬರೆದಿರಬೇಕು. ಫುಲ್ ಸಿಂಥೆಟಿಕ್ ನಿಮ್ಮ ಜಾಬ್ ಪಟ್ಟಿಗೆ ಹೊಂದುವುದಿಲ್ಲ, ಗ್ರೈಂಡಿಂಗ್ ಮೆಷಿನ್ ತಂದಾಗ ನೋಡೋಣ. ಹಳೇ ಲೇತ್‌ಗಳಲ್ಲಿ ಸೊಲ್ಯೂಬಲ್ ಆಯಿಲೇ ಮುಂದುವರಿಯಲಿ, ನೀರು ಮಾತ್ರ ಬದಲಾಗಲಿ. ಎರಡನ್ನೂ ಒಂದೇ ಟ್ಯಾಂಕಿನಲ್ಲಿ ಎಂದೂ ಬೆರೆಸಬೇಡಿ, ಟಾಪ್ ಅಪ್ ಬಕೆಟ್ ಕೂಡ ಬೇರೆ ಬೇರೆ ಇರಲಿ.

ಒಂದೇ ಕೂಲೆಂಟ್ ಎಲ್ಲ ಲೋಹಕ್ಕೂ ಸಾಕೇ ಎಂದರೆ, ಡ್ರಮ್ ಒಂದೇ ಸಾಕು, ದಪ್ಪ ಒಂದೇ ಸಾಲದು. ಇಎನ್ 8 ಶಾಫ್ಟ್ ಟರ್ನಿಂಗ್‌ಗೆ ನೂರಕ್ಕೆ 6 ಪಾಲು ಸಾಕು. ಎಸ್‌ಎಸ್ 304 ಬೇರೆ ಜಾತಿ. ಟೂಲ್ ಒಂದು ಕ್ಷಣ ಕಡಿಯದೆ ಉಜ್ಜಿದರೆ ಮೇಲ್ಪದರ ಅಲ್ಲೇ ಗಟ್ಟಿಯಾಗುತ್ತದೆ, ಮುಂದಿನ ಸುತ್ತಿನಲ್ಲಿ ಇನ್ಸರ್ಟಿನ (ಟೂಲಿಗೆ ಕೂರಿಸುವ ಕಡಿಯುವ ಬಿಲ್ಲೆಯ) ಮೂತಿ ಹೋಗುತ್ತದೆ. ಅದಕ್ಕೆ 8ರಿಂದ 10. ಎಸ್‌ಎಸ್‌ಗೆ ಟ್ಯಾಪ್ ಹೊಡೆಯುವಾಗ ಟ್ಯಾಂಕಿನ ಕೂಲೆಂಟ್ ನಂಬಬೇಡಿ. ಇಪಿ (ಭಾರೀ ಒತ್ತಡ ತಾಳಿಸುವ ಅಂಶ) ಇರುವ, ನೀರು ಬೆರೆಸದ ನೀಟ್ ಕಟಿಂಗ್ ಆಯಿಲ್ ಒಂದು ಲೀಟರ್ ಡಬ್ಬ ತಂದು ಬ್ರಷ್ಷಿನಲ್ಲಿ ಹಚ್ಚಿ. ಮುರಿದ ಒಂದು ಎಂ8 ಟ್ಯಾಪನ್ನು ಜಾಬಿನಿಂದ ತೆಗೆಯುವ ಪಾಡಿನ ಮುಂದೆ ಆ ಡಬ್ಬದ ಬೆಲೆ ಏನೂ ಅಲ್ಲ.

ಅಲ್ಯೂಮಿನಿಯಂಗೆ 7-8 ಪಾಲು. ಇಲ್ಲಿ ತೊಂದರೆ ಶಾಖಕ್ಕಿಂತ ಅಂಟುವಿಕೆ. ಲೋಹ ಟೂಲಿನ ತುದಿಗೆ ಅಂಟಿಕೊಂಡು ಫಿನಿಶ್ ಕೆಡುತ್ತದೆ. ಪಿಎಚ್ 9.5 ಮೀರಿದ ಕೂಲೆಂಟಿನಲ್ಲಿ ಅಲ್ಯೂಮಿನಿಯಂ ಜಾಬ್ ಬಿಟ್ಟರೆ ಕಪ್ಪು ಕಲೆ ಬೀಳುತ್ತದೆ. ಸೀಮೆಎಣ್ಣೆ ಹಾಕಿದರೆ ಕನ್ನಡಿಯಂಥ ಫಿನಿಶ್ ಬರುತ್ತದೆನ್ನುವುದು ನಿಜ, ಬೆಂಕಿ ಹಿಡಿಯುವುದೂ ಅಷ್ಟೇ ನಿಜ. ಮುಚ್ಚಿದ ಸಿಎನ್‌ಸಿ ಒಳಗೆ ಅದನ್ನು ತರಲೇಬೇಡಿ. ಗನ್‌ಮೆಟಲ್ ಬುಷ್‌ಗೆ ಸಲ್ಫರ್ ಇರುವ ಕಟಿಂಗ್ ಆಯಿಲ್ ಕೂಡದು, ಕಪ್ಪಾಗುತ್ತದೆ. ಗನ್‌ಮೆಟಲ್ ಚೂರುಗಳು ಟ್ಯಾಂಕಿನಲ್ಲೇ ಕೂತರೆ ಕೂಲೆಂಟ್ ಹಸಿರು-ನೀಲಿಗೆ ತಿರುಗುತ್ತದೆ. ಹಾಗೆ ಕರಗಿದ ತಾಮ್ರ ಮುಂದೆ ಅಲ್ಯೂಮಿನಿಯಂ ಜಾಬಿನಲ್ಲಿ ಸಣ್ಣ ಸಣ್ಣ ಗುಳಿ ಮಾಡುತ್ತದೆ. ಬುಷ್ ಬ್ಯಾಚ್ ಮುಗಿದ ದಿನವೇ ಟ್ರೇ ತೆಗೆದು ತೊಳೆಯಿರಿ.

ಬೀಡನ್ನು ಕೂಲೆಂಟ್ ಇಲ್ಲದೆ ಒಣದಾಗಿಯೇ ಟರ್ನ್ ಮಾಡಿ. ಅದರೊಳಗಿನ ಗ್ರಾಫೈಟ್ ತಾನೇ ಜಾರಿಸುತ್ತದೆ, ಚಿಪ್ ಪುಡಿಯಾಗಿ ಬೀಳುತ್ತದೆ. ಕೂಲೆಂಟ್ ಬಿಟ್ಟರೆ ಆ ಪುಡಿ ಕಪ್ಪು ಕೆಸರಾಗಿ ಟ್ಯಾಂಕಿನ ತಳ ಸೇರುತ್ತದೆ, ಪಂಪಿನ ಇಂಪೆಲ್ಲರ್ ಸವೆಯುತ್ತದೆ, ಆ ಕೆಸರಿನಲ್ಲೇ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಪುಲ್ಲಿ ಕೆಲಸವನ್ನು ಹಳೇ ಲೇತಿಗೇ ಬಿಟ್ಟು, ಬೆಡ್ ಮೇಲೆ ಬಟ್ಟೆ ಹೊದಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಾಡಿಸಿ. ಏರ್ ಗನ್ನಿನಿಂದ ಪುಡಿ ಊದುವ ಅಭ್ಯಾಸ ಬಿಡಿಸಿ, ಅದು ಸೀದಾ ಸ್ಲೈಡಿನ ವೈಪರ್ ಒಳಗೆ ಹೋಗುತ್ತದೆ.

ಕಾರ್ಬೈಡ್ ಇನ್ಸರ್ಟಿನ ವಿಚಾರದಲ್ಲಿ ಒಂದೇ ನಿಯಮ: ಬಿಟ್ಟರೆ ನಿಲ್ಲದಂತೆ ಬಿಡಿ, ಇಲ್ಲವೇ ಬಿಡಲೇಬೇಡಿ. ಹಳೇ ಲೇತಿನಲ್ಲಿ ಹುಡುಗರು ಬಾಟಲಿಯಿಂದ ಆಗಾಗ ಚಿಮುಕಿಸುತ್ತಾರಲ್ಲ, ಅದರಿಂದ ಕೆಂಪಗೆ ಕಾದ ತುದಿ ಥಟ್ಟನೆ ತಣ್ಣಗಾಗಿ ಬಾಚಣಿಗೆ ಹಲ್ಲಿನಂತೆ ಸೀಳು ಬಿಡುತ್ತದೆ. ಕೀವೇ (ಉದ್ದಕ್ಕೆ ಕೊರೆದ ಗಾಡಿ) ಇರುವ ಶಾಫ್ಟ್ ಟರ್ನಿಂಗ್, ಫೇಸ್ ಮಿಲ್ಲಿಂಗ್‌ನಂತೆ ಬಿಟ್ಟು ಬಿಟ್ಟು ಕಡಿಯುವ ಕೆಲಸವನ್ನು ಸ್ಟೀಲಿನಲ್ಲಿ ಕೂಲೆಂಟ್ ಇಲ್ಲದೆ ಒಣದಾಗಿಯೇ ಮಾಡಿದರೆ ಇನ್ಸರ್ಟ್ ಹೆಚ್ಚು ಬಾಳುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ಲಿಗೆ ಈ ಭಯವಿಲ್ಲ, ಅದಕ್ಕೆ ಕೂಲೆಂಟ್ ಬೇಕೇ ಬೇಕು.

ಬೆರೆಸುವ ಕ್ರಮ: ಬ್ಯಾರಲ್ಲಿನಲ್ಲಿ ಮೊದಲು ನೀರು, ಅದರೊಳಗೆ ಕಲಕುತ್ತಾ ಸಣ್ಣ ಧಾರೆಯಲ್ಲಿ ಆಯಿಲ್. ಆಯಿಲಿನ ಮೇಲೆ ನೀರು ಸುರಿದರೆ ಮೊಸರಿನಂಥ ಗಂಟಾಗುತ್ತದೆ, ಆಮೇಲೆ ಎಷ್ಟು ಕಲಕಿದರೂ ಸರಿಯಾಗುವುದಿಲ್ಲ. ಟ್ಯಾಂಕಿಗೆ ಸೀದಾ ಮಗ್ಗಿನಲ್ಲಿ ಆಯಿಲ್ ಸುರಿಯುವುದೂ ತಪ್ಪೇ. ಅಳತೆಗೆ ಕಣ್ಣನ್ನು ನಂಬಬೇಡಿ, ಹಾಲಿನಷ್ಟು ಬೆಳ್ಳಗಿದ್ದರೂ 3 ಪಾಲೇ ಇರಬಹುದು. ಒಂದು ರಿಫ್ರಾಕ್ಟೋಮೀಟರ್ ಕೊಳ್ಳಿ. ಕುಕ್ಕುವಾಡದ ಸಕ್ಕರೆ ಕಾರ್ಖಾನೆ ಕಡೆಯವರಿಗೆ ಗೊತ್ತಿರುವ, ಕಬ್ಬಿನ ಹಾಲಿನ ಬ್ರಿಕ್ಸ್ (ಸಕ್ಕರೆಯ ಪ್ರಮಾಣ) ನೋಡುವ ಅದೇ ಸಾಧನ. 0-18 ಅಥವಾ 0-32 ಬ್ರಿಕ್ಸ್‌ನದು ಆಗುತ್ತದೆ. ಮೊದಲು ನೀವು ಬಳಸುವ ನೀರನ್ನೇ ಹಾಕಿ ಸೊನ್ನೆಗೆ ತಂದುಕೊಳ್ಳಿ. ನಳಿಕೆಯಿಂದ ಬರುವ ಕೂಲೆಂಟ್ ಒಂದು ಹನಿ ಹಾಕಿ ಗೆರೆ ಎಲ್ಲಿದೆ ನೋಡಿ, ಬಂದ ಸಂಖ್ಯೆಯನ್ನು ಡೇಟಾ ಶೀಟಿನ ಫ್ಯಾಕ್ಟರ್‌ನಿಂದ ಗುಣಿಸಿ. ಸೊಲ್ಯೂಬಲ್‌ಗೆ ಫ್ಯಾಕ್ಟರ್ 1ರ ಆಸುಪಾಸು, ಸೆಮಿ ಸಿಂಥೆಟಿಕ್‌ಗೆ ಒಂದೂವರೆ ಆಸುಪಾಸು ಇರುವುದು ಸಾಮಾನ್ಯ. ಹೀಗೆ ಗುಣಿಸುವುದನ್ನು ಬಿಟ್ಟವರೇ, ನಿಜಕ್ಕೂ 6 ಪಾಲಿದ್ದರೂ, 4 ಕಂಡು 4 ಪಾಲೇ ಎಂದುಕೊಂಡು ಇನ್ನಷ್ಟು ಆಯಿಲ್ ಸುರಿಯುತ್ತಾರೆ. ಗೆರೆ ಮಸುಕಾಗಿ ಹರಡಿದ್ದರೆ ಮೆಷಿನ್ನಿನ ಎಣ್ಣೆ ಸೇರಿದೆ ಎಂದರ್ಥ.

ಟಾಪ್ ಅಪ್ ಲೆಕ್ಕ ಹೀಗೆ. 200 ಲೀಟರ್ ಟ್ಯಾಂಕಿನಲ್ಲಿ 160 ಉಳಿದಿದೆ, ಅಳತೆ 7 ಪಾಲು, ಅಂದರೆ ಒಳಗಿರುವ ಆಯಿಲ್ 11.2 ಲೀಟರ್. 200 ಲೀಟರಿಗೆ 6 ಪಾಲು ಬೇಕಾದರೆ 12 ಲೀಟರ್. ಹಾಗಾಗಿ 40 ಲೀಟರ್ ನೀರಿಗೆ 800 ಎಂಎಲ್ ಬೆರೆಸಿ ಹಾಕಬೇಕು, ಅದು 2 ಪಾಲು. ಬರೀ ನೀರೂ ಬೇಡ, 6 ಪಾಲಿನದೂ ಬೇಡ. ಸೋಮವಾರ, ಗುರುವಾರ ಅಳತೆ ಮಾಡಿ ಟ್ಯಾಂಕಿನ ಪಕ್ಕದಲ್ಲೇ ಚೀಟಿ ಅಂಟಿಸಿ ಬರೆದಿಡಲಿ. ಜೊತೆಗೆ ಪಿಎಚ್ ಪಟ್ಟಿ: 8.5ರಿಂದ 9.5 ಸರಿ. ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿದೆ, ವಾಸನೆ ಬರುವ ಮೊದಲೇ ಇದು ಹೇಳಿಬಿಡುತ್ತದೆ.

ಸೋಮವಾರದ ವಾಸನೆಗೆ ಕಾರಣ ಭಾನುವಾರ. ಸ್ಲೈಡ್‌ವೇ ಮತ್ತು ಹೈಡ್ರಾಲಿಕ್‌ನಿಂದ ಸೋರಿದ ಎಣ್ಣೆ ಟ್ಯಾಂಕಿನ ಮೇಲೆ ಮುಚ್ಚಳದಂತೆ ಹರಡಿಕೊಳ್ಳುತ್ತದೆ. ಪಂಪ್ ಓಡುವಷ್ಟು ದಿನ ಗಾಳಿ ಬೆರೆಯುತ್ತಿರುತ್ತದೆ. ನಿಂತ ಕೂಡಲೇ ಕೆಳಗೆ ಆಮ್ಲಜನಕ ಮುಗಿದು, ಗಾಳಿ ಬೇಡದ ಬ್ಯಾಕ್ಟೀರಿಯಾ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ. ಶನಿವಾರ ಸಂಜೆ ಮೆಷಿನ್ ನಿಂತು ಅರ್ಧ ಗಂಟೆಯಾದ ಮೇಲೆ ಮೇಲಿನ ಎಣ್ಣೆ ತೆಗೆಯಿರಿ. ಬೆಲ್ಟ್ ಸ್ಕಿಮ್ಮರ್ ಇದ್ದರೆ ಸರಿ, ಇಲ್ಲದಿದ್ದರೆ ಎಣ್ಣೆ ಹೀರುವ ಪ್ಯಾಡ್ ಹಾಸಿ ಎತ್ತಿದರೂ ನಡೆಯುತ್ತದೆ. ಆಮೇಲೆ ಮೀನಿನ ತೊಟ್ಟಿಗೆ ಹಾಕುವ ಸಣ್ಣ ಏರ್ ಪಂಪ್ ಇಟ್ಟು ಭಾನುವಾರ ಪೂರ್ತಿ ಗುಳ್ಳೆ ಬಿಡಿ. ವಾಸನೆಗೆಂದು ಫಿನಾಯಿಲ್ ಸುರಿಯಬೇಡಿ, ಎಣ್ಣೆ-ನೀರಿನ ಬೆರಕೆ ಒಡೆಯುತ್ತದೆ. ಬ್ಲೀಚಿಂಗ್ ಪೌಡರ್ ಅಂತೂ ಕ್ಲೋರೈಡನ್ನೇ ತಂದು ಹಾಕಿದಂತೆ. ಟ್ಯಾಂಕಿಗೆ ಉಗುಳುವುದು, ಟೀ ಕಪ್ ಎಸೆಯುವುದು ನಿಲ್ಲಲಿ.

ತುಕ್ಕಿಗೆ ನೀರು ಮತ್ತು ತೆಳು ಕೂಲೆಂಟ್ ಅರ್ಧ ಕಾರಣ. ಇನ್ನರ್ಧ, ಒದ್ದೆ ಶಾಫ್ಟ್‌ಗಳನ್ನು ಒಂದರ ಮೇಲೊಂದು ಪೇರಿಸಿಡುವುದು. ತಾಗಿದ ಗೆರೆಯಲ್ಲೇ ತುಕ್ಕು ಬಂದಿದೆಯೇ ನೋಡಿ. ಕೂಲೆಂಟ್ ತುಕ್ಕು ತಡೆಯುವುದು ಜಾಬ್ ಮೆಷಿನ್ ಮೇಲಿರುವಾಗ, ರಾಕಿನ ಮೇಲಲ್ಲ. ಜಾಬ್ ಇಳಿಸಿದ ಕೂಡಲೇ ಒರೆಸಿ, ಡೀವಾಟರಿಂಗ್ ರಸ್ಟ್ ಪ್ರಿವೆಂಟಿವ್‌ನಲ್ಲಿ (ನೀರು ಸರಿಸಿ ತುಕ್ಕು ತಡೆಯುವ ಎಣ್ಣೆ) ಅದ್ದಿ, ನಡುವೆ ಮರದ ಪಟ್ಟಿ ಕೊಟ್ಟು ಇಡಿ.

ಕೈ ತುರಿಕೆಗೆ ಕೂಲೆಂಟನ್ನೊಂದೇ ದೂರಬೇಡಿ. ಸೀಮೆಎಣ್ಣೆ, ಥಿನ್ನರ್‌ನಲ್ಲಿ ಕೈ ತೊಳೆದರೆ ಚರ್ಮದ ಜಿಡ್ಡೆಲ್ಲ ಹೋಗಿ ಕೂಲೆಂಟ್ ಒಳಗಿಳಿಯುತ್ತದೆ. ಬರ್ ಇರುವ ಬನಿಯನ್ ವೇಸ್ಟಿನಲ್ಲಿ ಕೈ ಒರೆಸಿದರೆ ಕಾಣದಷ್ಟು ಸಣ್ಣ ಗೀರು ಬೀಳುತ್ತವೆ. 10 ಪಾಲು ಮೀರಿದ, ಪಿಎಚ್ ಏರಿದ ಕೂಲೆಂಟ್ ಉರಿ ಹೆಚ್ಚಿಸುತ್ತದೆ. ಕೆಲಸಕ್ಕೆ ಮುಂಚೆ ಬ್ಯಾರಿಯರ್ ಕ್ರೀಮ್, ಮುಗಿದ ಮೇಲೆ ಮೆದು ಸೋಪು, ಸ್ವಚ್ಛ ಬಟ್ಟೆ. ತಿರುಗುವ ಚಕ್ಕಿನ ಹತ್ತಿರ ಕೈಗವಸು ಮಾತ್ರ ಬೇಡ, ಎಳೆದುಕೊಳ್ಳುತ್ತದೆ. ತೇವ, ಬಿರುಕು ಕಂಡರೆ ಚರ್ಮದ ವೈದ್ಯರಿಗೆ ತೋರಿಸಿ, ಹೋಗುವಾಗ ಕೂಲೆಂಟಿನ ಸೇಫ್ಟಿ ಡೇಟಾ ಶೀಟ್ ಕೈಯಲ್ಲಿರಲಿ. ನೈಟ್ರೈಟ್ ಇರುವ ಕೂಲೆಂಟ್ ಯಾರು ಕೊಟ್ಟರೂ ಬೇಡವೆನ್ನಿ. ಅದು ಅಮೈನ್ ಜೊತೆ ಸೇರಿ ಕ್ಯಾನ್ಸರ್ ತರಬಲ್ಲ ನೈಟ್ರೋಸಮೈನ್ ಆಗುತ್ತದೆ.

ಹೊಸದು ತುಂಬುವ ಮೊದಲು ಹಳೆಯದು ಪೂರ್ತಿ ಹೋಗಬೇಕು. ಹಳೇ ಕೂಲೆಂಟ್ ಇರುವಾಗಲೇ ಸಿಸ್ಟಂ ಕ್ಲೀನರ್ 1-2 ಪಾಲು ಹಾಕಿ ಒಂದು ದಿನ ಎಂದಿನಂತೆ ಓಡಿಸಿ. ಬರಿದು ಮಾಡಿ, ತಳದ ಕೆಸರನ್ನು ಕೈಯಾರೆ ಕೆರೆದು ತೆಗೆಯಿರಿ, ಚಿಪ್ ಕನ್ವೇಯರಿನ ಕೆಳಗಿನ ಮೂಲೆ ಮರೆಯಬೇಡಿ. 1 ಪಾಲು ಹೊಸ ಕೂಲೆಂಟ್ ಬೆರೆಸಿದ ನೀರನ್ನು ಅರ್ಧ ಗಂಟೆ ಸುತ್ತಿಸಿ ಚೆಲ್ಲಿ, ಆಮೇಲೆ ತುಂಬಿ. ಚೆಲ್ಲುವುದೆಂದರೆ ಮೋರಿಗೂ ಅಲ್ಲ, ಭದ್ರಾ ನಾಲೆಗೂ ಅಲ್ಲ. ಎಣ್ಣೆ ಬೆರೆತ ಈ ತ್ಯಾಜ್ಯ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಮುಚ್ಚಳವಿರುವ ಬ್ಯಾರಲ್ಲಿನಲ್ಲಿ ಹೆಸರು, ದಿನಾಂಕ ಬರೆದಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವವರಿಗೇ ಕೊಡಬೇಕು. ಬರ್ರನ್ನು ಜಾಲರಿ ಮೇಲೆ ಒಂದು ರಾತ್ರಿ ಸೋರಲು ಬಿಟ್ಟು ಗುಜರಿಗೆ ಹಾಕಿದರೆ ಕೂಲೆಂಟೂ ಉಳಿಯುತ್ತದೆ.

ರೇಟಿನ ಮಾತು. ಲೀಟರಿಗೆ 180 ರೂಪಾಯಿಯ ಸೊಲ್ಯೂಬಲ್, 300ರ ಸೆಮಿ ಸಿಂಥೆಟಿಕ್ ಎಂದಿಟ್ಟುಕೊಳ್ಳಿ. 200 ಲೀಟರ್ ಟ್ಯಾಂಕಿಗೆ 6 ಪಾಲಿನಂತೆ 12 ಲೀಟರ್: ಒಂದಕ್ಕೆ 2,160, ಇನ್ನೊಂದಕ್ಕೆ 3,600. ಮೊದಲನೆಯದು ಎರಡು ತಿಂಗಳಿಗೆ ಕೊಳೆತು, ಎರಡನೆಯದು ಆರು ತಿಂಗಳು ನಿಂತರೆ, ಅರ್ಧ ವರ್ಷಕ್ಕೆ 6,480 ಮತ್ತು 3,600. ಮೂರು ಸಲದ ಕ್ಲೀನಿಂಗ್, ನಿಂತ ಮೆಷಿನ್, 600 ಲೀಟರ್ ತ್ಯಾಜ್ಯ ಇದರಲ್ಲಿ ಸೇರಿಲ್ಲ.

ಡ್ರಮ್ ಕೊಳ್ಳುವ ಮುಂಚೆ ಒಂದೆರಡು ಲೀಟರ್ ಸ್ಯಾಂಪಲ್ ಕೇಳಿ, ಎರಡು ಪರೀಕ್ಷೆ ನೀವೇ ಮಾಡಿ. ಗಾಜಿನ ಬಾಟಲಿಯಲ್ಲಿ ನಿಮ್ಮ ಬೋರ್ ನೀರಿಗೇ 5 ಪಾಲು ಬೆರೆಸಿ, 24 ಗಂಟೆ ಅಲುಗಾಡಿಸದೆ ಇಡಿ. ಮೇಲೆ ಕೆನೆ ಕಟ್ಟಿದರೆ, ಎಣ್ಣೆ ತೇಲಿದರೆ, ತಳದಲ್ಲಿ ಬಿಳಿ ಗಷ್ಟು ಕೂತರೆ ಆ ಆಯಿಲ್ ನಿಮ್ಮ ನೀರಿಗೆ ಆಗುವುದಿಲ್ಲ. ಎರಡನೆಯದು ಬೀಡಿನ ಪುಡಿಯದು. ಕೂಲೆಂಟ್ ಇಲ್ಲದೆ ಟರ್ನ್ ಮಾಡಿದ, ಎಣ್ಣೆ ತಾಗದ ಪುಡಿ 2 ಗ್ರಾಂ ತೂಗಿ ಫಿಲ್ಟರ್ ಪೇಪರಿನ ಮೇಲೆ ಹರಡಿ. ಕೂಲೆಂಟ್ 2 ಎಂಎಲ್ ಹಾಕಿ ಮುಚ್ಚಿಟ್ಟು, ಎರಡು ಗಂಟೆ ಬಿಟ್ಟು ಪುಡಿ ತೊಳೆದು ಪೇಪರ್ ನೋಡಿ. 3, 4, 5, 6 ಪಾಲಿಗೆ ನಾಲ್ಕು ಪೇಪರ್ ಮಾಡಿ. ತುಕ್ಕಿನ ಚುಕ್ಕಿ ಯಾವ ಪಾಲಿನಲ್ಲಿ ಪೂರ್ತಿ ನಿಂತಿತೋ ಅದಕ್ಕಿಂತ ಒಂದು ಹೆಚ್ಚು ಇಟ್ಟು ಮೆಷಿನ್ ಓಡಿಸಿ. ಎರಡೂ ಪಾಸಾದ ಮೇಲೂ ಮೊದಲು ವಿಎಂಸಿ ಒಂದಕ್ಕೇ ತುಂಬಿ ಆರು ವಾರ ನೋಡಿ, ಆಮೇಲೆ ಡ್ರಮ್ಮಿಗೆ ಆರ್ಡರ್ ಕೊಡಿ.